ನಿರ್ಜನ ನಗರಿಯ ಚಿತ್ರಗಳು

ಹಂಪೆಯ ಮೊದಮೊದಲ ಛಾಯಾಚಿತ್ರಗಳನ್ನು ತೆಗೆದವನು ಮದರಾಸಿನ ಕಾಲಾಳು ಪಡೆಯ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ. 1856ರಲ್ಲಿ ಅವನು ಮೇಣ ಹಚ್ಚಿದ ಕಾಗದದ ಮೇಲೆ ಸುಮಾರು 60 ನೋಟಗಳನ್ನು ಮೂಡಿಸಿದನು. ಗೋಪುರ, ಮಂಟಪ, ಬಂಡೆ ಎಲ್ಲವೂ ಅವುಗಳಲ್ಲಿ ಆಶ್ಚರ್ಯಪಡುವಷ್ಟು ಸ್ಪಷ್ಟವಾಗಿವೆ. ಮನುಷ್ಯಾಕೃತಿ ಮಾತ್ರ ವಿರಳ.

ಇಂಥ ಚಿತ್ರಗಳನ್ನು ಕಂಡ ಆಂಗ್ಲ ವಾಚಕನು, 1565ರಲ್ಲಿ ಹಾಳಾದ ಆ ನಗರಿಯಲ್ಲಿ ಆಮೇಲೆ ನರಪ್ರಾಣಿಯೇ ಇರಲಿಲ್ಲವೆಂದು ಭಾವಿಸಿದರೆ ಸೋಜಿಗವೇನು? ಆದರೆ ಅಭಾವವನ್ನು ನಿಶ್ಚಯಿಸುವುದಕ್ಕೆ ಕಾಣದಿರುವಿಕೆಯೊಂದೇ ಸಾಲದು, ಇದ್ದಿದ್ದರೆ ಕಾಣಲು ಯೋಗ್ಯವಾಗಿದ್ದದ್ದು ಕಾಣದಿರಬೇಕು ಎಂದು ನಮ್ಮ ಶಾಸ್ತ್ರಕಾರರು ಹೇಳುತ್ತಾರೆ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದ ಮಾತ್ರಕ್ಕೆ ಗಡಿಗೆಯೇ ಇಲ್ಲವೆನ್ನಲಾಗದು. ಅಂದಿನ ಕಾಗದವೋ ಬಹು ಮಂದ. ಬಹಳ ಹೊತ್ತು ಬೆಳಕಿಗೆ ಒಡ್ಡಿದರಲ್ಲದೆ ಚಿತ್ರ ಮೂಡದು. ಅಷ್ಟರಲ್ಲಿ ನಡೆದುಹೋದ ಯಾತ್ರಿಕನೂ ಮೇಯುತ್ತ ಸಾಗಿದ ದನವೂ ಗುರುತಿಲ್ಲದಂತೆ ಅಳಿದುಹೋಗುವುವು. ವಿರೂಪಾಕ್ಷನ ಪೂಜೆ ನಿಂತಿರಲಿಲ್ಲ. ಗಂಟೆಯ ದನಿಯನ್ನು ಯಾವ ಕಾಗದ ಹಿಡಿದೀತು?

ಇಷ್ಟನ್ನು ಯಂತ್ರದ ದೋಷವೆನ್ನೋಣ. ಕಣ್ಣಿನ ದೋಷವೂ ಇಲ್ಲದಿಲ್ಲ. ಧಾರವಾಡ ಮೈಸೂರು ಸೀಮೆಗಳ ಶಿಲ್ಪವನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ದೊಡ್ಡ ಗ್ರಂಥದಲ್ಲಿ ಚಿತ್ರ ತೆಗೆದ ಪಿಗೌ, ನೀಲ್, ಬಿಗ್ಸ್ ಎಂಬವರ ಹೆಸರುಗಳಿವೆ. ಅದಕ್ಕೆ ವಿವರಣೆ ಬರೆದವರಲ್ಲೊಬ್ಬನಾದ ಫರ್ಗ್ಯುಸನ್ನನಿಗೆ ಭಾರತೀಯ ಶಿಲ್ಪದ ಚರಿತ್ರೆಯೆಂದರೆ ಇಳಿಗಾಲದ ಚರಿತ್ರೆ. ಆ ಕಾಲದ ಚಿತ್ರಕಾರರು ಕಂಬದ ಬಳಿ ಊರವನೊಬ್ಬನನ್ನು ನಿಲ್ಲಿಸುತ್ತಿದ್ದುದೂ ಕಂಬದ ಎತ್ತರವನ್ನು ತೋರಿಸುವುದಕ್ಕಾಗಿಯೇ. ಅಳತೆಗೋಲಿಗೆ ಹೆಸರೇಕೆ!

ಆದರೂ ಗ್ರೀನ್‌ಲಾನ ಋಣವನ್ನು ಮರೆಯುವಂತಿಲ್ಲ. ವಿಠ್ಠಲನ ಗುಡಿಯ ಮುಂದಿನ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿತ್ತು. ಅವನ ಚಿತ್ರದಲ್ಲಿ ಅದು ನೆಟ್ಟಗೆ ನಿಂತಿದೆ. ತರುವಾಯ ಅದನ್ನು ತೆಗೆದುಹಾಕಿದರು. ಬಹುಕಾಲ ಮರೆಯಾಗಿದ್ದ ಆ ಮೇಣಗಾಗದಗಳು ಮತ್ತೆ ಬೆಳಕಿಗೆ ಬಂದ ಮೇಲೆ, ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ 1983ರಲ್ಲಿ ಅವೇ ಜಾಗಗಳಲ್ಲಿ ನಿಂತು ಪುನಃ ಚಿತ್ರ ತೆಗೆದನು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ನಡುವಿನ ಕಾಲದಲ್ಲಿ ಹೋದದ್ದೇನು, ಉಳಿದದ್ದೇನು ಎಂಬುದು ತಿಳಿಯುತ್ತದೆ. 2017ರಲ್ಲಿ ಹೊರಟ ಐವತ್ತು ರೂಪಾಯಿ ನೋಟಿನ ಮೇಲೂ ಅದೇ ರಥವಿದೆ, ಶಿಖರವಿಲ್ಲದೆ. ಸಂತೆಗೆ ಹೊರಟವರ ಕೈಯಲ್ಲಿ ಅದು ದಿನವೂ ಓಡಾಡುತ್ತಿದೆ.