ಗಣಿಯ ಮನೆಯಿಂದ ಹೊರಟ ಹಾಡು

ಬೆಳಗಿನ ಹೊತ್ತು ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಬೋಗಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಂಗಳೂರಿನ ಕೆಲಸಕ್ಕೆ ಹೊರಟವರು, ಕಾಲೇಜಿಗೆ ಹೊರಟವರು. ಆ ನೂಕುನುಗ್ಗಲಲ್ಲೂ ಯಾರಾದರೊಬ್ಬರು ಹಾಡು ಗುನುಗುತ್ತಿರುತ್ತಾರೆ. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಬಾಯಲ್ಲಿ ಬರುವ ಸೀಮೆ ಅದು. ಚೆನ್ನಾಗಿ ಹಾಡುವ ಮಗನೋ ಮಗಳೋ ಇರುವ ಮನೆಯಲ್ಲಿ ಒಂದಲ್ಲ ಒಂದು ದಿನ ಆ ಮಾತು ಬಂದೇ ಬರುತ್ತದೆ: "ಹಾಡಿದರೆ ಹೊಟ್ಟೆ ತುಂಬುತ್ತದೆಯೇ?"

ಹಾಗೆ ಕೇಳುವ ತಂದೆ ತಾಯಿಯದು ತಪ್ಪಲ್ಲ. ಕೆಜಿಎಫ್ ಎಂದರೆ 3 ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆದ ಊರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ, ಭದ್ರವೆಂದು ನಂಬಿದ್ದ ಕೆಲಸವೇ ಕೈಬಿಟ್ಟಿತು. ಅದನ್ನು ಕಣ್ಣಾರೆ ಕಂಡ ಮನೆಗಳು ಮಕ್ಕಳಿಗೆ ತಿಂಗಳ ಸಂಬಳವನ್ನೇ ಹಾರೈಸಿದರೆ ಆಶ್ಚರ್ಯವೇನು? ಆದರೂ ಇದೇ ಪ್ರಶ್ನೆಗೆ ದೂರದ ಇನ್ನೊಂದು ಗಣಿ ಸೀಮೆಯ ಹೆಣ್ಣುಮಗಳೊಬ್ಬಳು ಬದುಕಿ ತೋರಿಸಿದ ಉತ್ತರವೊಂದಿದೆ. ಲೈನ್ ಮನೆಗಳಲ್ಲಿ ಬೆಳೆದವರಿಗೆ ಅದು ಬೇಗ ಅರ್ಥವಾದೀತು.

ಆಕೆ ಲೊರೆಟಾ ಲಿನ್. ಹುಟ್ಟಿದ್ದು 1932ರಲ್ಲಿ, ಅಮೆರಿಕದ ಕೆಂಟಕಿ ರಾಜ್ಯದ ಬುಚರ್ ಹಾಲೋ ಎಂಬ ಬೆಟ್ಟದ ಸಂದಿಯ ಊರಿನಲ್ಲಿ. ತಂದೆ ಕಲ್ಲಿದ್ದಲು ಗಣಿಯ ಕಾರ್ಮಿಕ. ಜೊತೆಗೆ ಮನೆ ಮಟ್ಟಿಗೆ ಒಂದಿಷ್ಟು ಬೇಸಾಯ. ಎಂಟು ಮಕ್ಕಳಲ್ಲಿ ಎರಡನೆಯವಳಾದ ಲೊರೆಟಾ ತಮ್ಮ ತಂಗಿಯರನ್ನು ತೂಗುತ್ತ ಹಾಡುತ್ತಿದ್ದಳು. ಗಿಟಾರ್, ಪಿಟೀಲು ಹಿಡಿದು ಹಳ್ಳಿಗಾಡಿನ ಜನ ತಮ್ಮ ಕಷ್ಟಸುಖ ಹಾಡುವ ಸಂಗೀತಕ್ಕೆ ಅಲ್ಲಿ ಕಂಟ್ರಿ ಎಂದು ಹೆಸರು. ರೇಡಿಯೋದಲ್ಲಿ ಕೇಳಿದ ಆ ಹಾಡುಗಳೇ ಅವಳ ಪಾಠಶಾಲೆ.

15ನೇ ವಯಸ್ಸಿಗೆ ಮದುವೆಯಾಯಿತು. ಇಪ್ಪತ್ತರ ಹೊತ್ತಿಗೆ ಮಡಿಲಲ್ಲಿ ನಾಲ್ಕು ಮಕ್ಕಳು. ಓದು ಮುಂದುವರಿಯಲಿಲ್ಲ. ಈ ಭಾಗ ಯಾವ ಮನೆಗೂ ಮಾದರಿಯಲ್ಲ. ತವರಿನಿಂದ ಸಾವಿರಾರು ಕಿಲೋಮೀಟರ್ ದೂರದ ವಾಷಿಂಗ್ಟನ್ ರಾಜ್ಯಕ್ಕೆ ಗಂಡನೊಂದಿಗೆ ಹೋದ ಮೇಲೆ, 1953ರಲ್ಲಿ, ಆತ 17 ಡಾಲರ್ ಕೊಟ್ಟು ಒಂದು ಗಿಟಾರ್ ತಂದುಕೊಟ್ಟ. ಕಲಿಸಲು ಯಾರೂ ಇರಲಿಲ್ಲ. ಮನೆಗೆಲಸ, ಮಕ್ಕಳ ನಡುವೆ ಆಕೆ ತಾನೇ ನುಡಿಸುವುದನ್ನು ಕಲಿತರು, ಹಾಡು ಕಟ್ಟಿದರು, ಸುತ್ತಮುತ್ತಲ ಸಣ್ಣ ವೇದಿಕೆಗಳಲ್ಲಿ ಹಾಡಿದರು.

ಮೊದಲ ಧ್ವನಿಮುದ್ರಿಕೆ ಬಂದದ್ದು 1960ರಲ್ಲಿ. ಗಿಟಾರ್ ಕೈಗೆ ಬಂದು ಆಗಲೇ 7 ವರ್ಷ! ಅಷ್ಟಕ್ಕೇ ಹೆಸರು ಬರಲಿಲ್ಲ. ಗಂಡ ಹೆಂಡತಿ ಮುದ್ರಿಕೆಗಳನ್ನು ಕಾರಿನಲ್ಲಿ ಹಾಕಿಕೊಂಡು ಒಂದು ರೇಡಿಯೋ ನಿಲಯದಿಂದ ಇನ್ನೊಂದಕ್ಕೆ ಹೋಗಿ, "ಇದನ್ನೊಮ್ಮೆ ಹಾಕಿ" ಎಂದು ಕೇಳಿಕೊಂಡರು. ಆ ಹಾಡು ರಾಷ್ಟ್ರಮಟ್ಟದ ಕಂಟ್ರಿ ಪಟ್ಟಿಯಲ್ಲಿ 14ನೇ ಸ್ಥಾನ ತಲುಪಿತು. ಅದೇ ವರ್ಷ ನ್ಯಾಶ್‌ವಿಲ್ ನಗರದ ಹೆಸರಾಂತ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆ ಸಿಕ್ಕಿತು. ಇದನ್ನೆಲ್ಲ ನೋಡಲು ತಂದೆ ಇರಲಿಲ್ಲ. ಹಿಂದಿನ ವರ್ಷವೇ ಅವರು ತೀರಿಕೊಂಡಿದ್ದರು.

ಹೆಸರು, ಹಣ ಬಂದ ಮೇಲೆ ಗಣಿಯ ಬಡತನವನ್ನು ಮುಚ್ಚಿಡುವುದು ಸುಲಭವಿತ್ತು. ಲೊರೆಟಾ ಹಾಗೆ ಮಾಡಲಿಲ್ಲ. 1970ರಲ್ಲಿ ತನ್ನ ಬಾಲ್ಯದ ಮನೆಯನ್ನೇ ಹಾಡಾಗಿಸಿದರು. ಅದರ ಹೆಸರೇ 'ಕೋಲ್ ಮೈನರ್ಸ್ ಡಾಟರ್'. ಗಣಿ ಕಾರ್ಮಿಕನ ಮಗಳು ಎಂದರ್ಥ. ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಆ ಹಾಡಿನ ಹೆಸರನ್ನೇ 1976ರಲ್ಲಿ ಆಕೆಯ ಆತ್ಮಕಥೆಗೂ 1980ರಲ್ಲಿ ಚಲನಚಿತ್ರಕ್ಕೂ ಇಟ್ಟರು. 2013ರಲ್ಲಿ ಅಮೆರಿಕದ ಅಧ್ಯಕ್ಷರ ಕೈಯಿಂದ ಸ್ವಾತಂತ್ರ್ಯ ಪದಕ ಬಂತು. 2022ರಲ್ಲಿ, 90ನೇ ವಯಸ್ಸಿನಲ್ಲಿ ಆಕೆ ಕಣ್ಮುಚ್ಚಿದರು.

ಅಷ್ಟು ದೂರ ಹೋಗದೆಯೂ ನೋಡಬಹುದು. ಹಿಂದೆ ಕೋಲಾರ ಜಿಲ್ಲೆಗೇ ಸೇರಿದ್ದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟದ್ದು ತಮಟೆ. ಊರಹಬ್ಬಕ್ಕೂ ಸಾವಿಗೂ ಬೇಕಾದ ವಾದ್ಯ. ಆದರೆ ಬಾರಿಸುವವನನ್ನು ಮಾತ್ರ ಊರು ದೂರವೇ ನಿಲ್ಲಿಸುತ್ತಿತ್ತು. ದಲಿತ ಚಳವಳಿಯ ಹಾಡುಗಾರರಾಗಿ ಹೆಸರಾದ ಕೋಲಾರ ಜಿಲ್ಲೆಯ ಪಿಚ್ಚಳ್ಳಿ ಶ್ರೀನಿವಾಸ್ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಇವರಾರೂ ತಮ್ಮ ಕೇರಿಯನ್ನು ಮರೆಮಾಚಿ ದೊಡ್ಡವರಾದವರಲ್ಲ.

ಹಾಡುವ ಮಕ್ಕಳಿಗೆಲ್ಲ ಇಂಥ ಭಾಗ್ಯ ಬರುತ್ತದೆಂದು ಹೇಳಿದರೆ ಸುಳ್ಳಾಗುತ್ತದೆ. ಓದನ್ನು ಬಿಡಬೇಕಾಗಿಯೂ ಇಲ್ಲ. ಆದರೆ ಸಣ್ಣ ವಾದ್ಯವೊಂದನ್ನು ತಂದುಕೊಡುವುದು, ಶಾಲೆಯ ವಾರ್ಷಿಕೋತ್ಸವದಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೇಳುವುದು ಯಾವ ಮನೆಗೂ ಭಾರವಲ್ಲ. ಮಕ್ಕಳು ನೆನಪಿಡಬೇಕಾದದ್ದು ಆ 7 ವರ್ಷಗಳನ್ನು. ಎಂಟನೇ ತರಗತಿಯಿಂದ ಲೆಕ್ಕ ಹಾಕಿದರೆ ಪದವಿಯ ಕೊನೆಯ ವರ್ಷದ ಮೆಟ್ಟಿಲ ತನಕ ಆಗುವಷ್ಟು ಕಾಲ ಅದು.

ಪಾಳಿಯ ಸೈರನ್, ಸೈನೈಡ್ ದಿಬ್ಬ, ಅಜ್ಜ ಇಳಿದು ಹತ್ತಿದ ಗಣಿ, ಅಪ್ಪ ನಿಂತೇ ಪ್ರಯಾಣಿಸುವ ರೈಲು ಇನ್ನೂ ಹಾಡಾಗಲು ಕಾದಿವೆ. ಅವನ್ನು ಹಾಡುವ ಹಕ್ಕು ಆ ಮನೆಗಳ ಮಕ್ಕಳಿಗಿಂತ ಹೆಚ್ಚಾಗಿ ಬೇರೆ ಯಾರಿಗಿದೆ?