ಸುದ್ದಿ ತಿಳಿಯಬೇಕಾಗಿದ್ದವರು

ಕೃಷ್ಣೆಗೆ ಸಮೀಪದ ನಮ್ಮ ಮಾಗನೂರು ಸೀಮೆಗೆ ಗುಳೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮುಂಬಯಿ, ಪುಣೆ, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಇಲ್ಲಿಂದ ಹೋದವರು ಅನೇಕರು. 'ಪಾಲಮೂರು ಕೂಲಿ' ಎಂಬ ಹೆಸರು ಹುಟ್ಟಿದ್ದೇ ಆ ಬವಣೆಯಿಂದ. ಹೆಚ್ಚಿನವರು ಹಬ್ಬಕ್ಕೆ ಮರಳಿದರು. ಕೆಲವರು ಮರಳಲೇ ಇಲ್ಲ. ಮೊದಲು ಹಣ ನಿಂತಿತು, ಬಳಿಕ ಫೋನೂ ನಿಂತಿತು. ಹೀಗೆ ಗಂಡನ ಸುಳಿವಿಲ್ಲದೆ ಉಳಿದ ಹೆಣ್ಣುಮಕ್ಕಳನ್ನು ನಾವು ಕಂಡಿದ್ದೇವೆ. ಅವರನ್ನು ಅರಿಸಿನ ಕುಂಕುಮಕ್ಕೆ ಕರೆಯುವವರೂ ಒಂದು ಕ್ಷಣ ತಡೆದು ಯೋಚಿಸುತ್ತಾರೆ.

ಎಲ್ಲಿದ್ದಾನೆಂದೇ ತಿಳಿಯದವನ ಮೇಲೆ ವಿಚ್ಛೇದನದ ಅರ್ಜಿ ಹಾಕಲು ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ನಿಜವಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 13ನೆಯ ಕಲಮು ಇಂಥವರಿಗೆ ಎರಡು ದಾರಿ ತೋರಿಸುತ್ತದೆ: ಕಾರಣವಿಲ್ಲದೆ ತೊರೆದು ಹೋಗಿ ಸತತ 2 ವರ್ಷ ಕಳೆದಿರಬೇಕು, ಇಲ್ಲವೆ ಬದುಕಿರುವ ಸುದ್ದಿಯೇ 7 ವರ್ಷ ಬಾರದಿರಬೇಕು. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಲ್ಲಿ ಈ ಅವಧಿ 4 ವರ್ಷ. ಹಿಂದೂ ಕಾಯ್ದೆಗೆ 2003ರಲ್ಲಿ ಬಂದ ತಿದ್ದುಪಡಿಯಿಂದ ಹೆಂಡತಿ ತಾನು ವಾಸಿಸುವ ಸ್ಥಳದ ನ್ಯಾಯಾಲಯದಲ್ಲೇ ಅರ್ಜಿ ಸಲ್ಲಿಸಬಹುದು.

ಸಮನ್ಸ್ ಮುಟ್ಟಿಸಲಾಗದಿದ್ದರೆ ಅದನ್ನು ನ್ಯಾಯಾಲಯದಲ್ಲೂ ಅವನ ಕೊನೆಯ ಮನೆಯ ಮೇಲೂ ಅಂಟಿಸಬಹುದು. ಕೊನೆಗೆ ಇದ್ದ ಊರಿನಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಬಹುದು. 1956ರಲ್ಲಿ ರಾಯಚೂರು ಮೈಸೂರಿಗೂ ನಾವು ಆಂಧ್ರಪ್ರದೇಶಕ್ಕೂ ಸೇರಿದಂದಿನಿಂದ ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು. ಗಂಡ ಮುಂಬಯಿಯಲ್ಲಿ ಕಾಣೆಯಾಗಿದ್ದರೆ ಪ್ರಕಟಣೆ ಮರಾಠಿಯಲ್ಲೂ ಬಂದೀತು. ತನ್ನ ಹೆಸರಿರುವ ಆ ನಾಲ್ಕು ಸಾಲನ್ನು ಹೆಂಡತಿ ಓದಲಾರಳು. ಆದರೂ ಹುಡುಕಾಟ ಪ್ರಾಮಾಣಿಕವಾಗಿರಬೇಕು. ಪೊಲೀಸರಿಗೆ ಕೊಟ್ಟ ದೂರು, ಮರಳಿ ಬಂದ ರಿಜಿಸ್ಟರ್ಡ್ ಲಕೋಟೆ, ಬಂಧುಗಳಲ್ಲಿ ಮಾಡಿದ ವಿಚಾರಣೆ ಇವೆಲ್ಲ ಪುರಾವೆಗಳು. ಗೊತ್ತಿದ್ದ ವಿಳಾಸ ಮುಚ್ಚಿಟ್ಟು ಪಡೆದ ತೀರ್ಪು ಮುಂದೆ ರದ್ದಾಗಬಹುದು.

ಕಾಯ್ದೆಯ ಒಂದು ಮಾತು ನಮ್ಮನ್ನೇ ಕುರಿತು ಆಡಿದಂತಿದೆ. ಅವನು ಬದುಕಿದ್ದರೆ ಸಹಜವಾಗಿ ಯಾರಿಗೆ ಸುದ್ದಿ ತಿಳಿಯಬೇಕಾಗಿತ್ತೋ, ಅವರಿಗೆ ತಿಳಿದಿರಬಾರದು ಎನ್ನುತ್ತದೆ ಅದು. ಅವರು ಯಾರು? ತಂದೆ ತಾಯಿ, ಒಡಹುಟ್ಟಿದವರು, ಜೊತೆಗೆ ಹೋದ ಕೂಲಿಗಳು, ಕರೆದೊಯ್ದ ಮೇಸ್ತ್ರಿ, ಓಣಿಯ ನೆರೆಹೊರೆ. ಅಂದರೆ ನಾವೇ. ಆದರೆ ಸಾಕ್ಷಿಯ ದಿನ ಬಂದಾಗ ನಾವು ಹಿಂಜರಿಯುತ್ತೇವೆ. "ಮಗ ಸತ್ತಾನಂತ ನನ್ನ ಬಾಯಿಂದ ಅನಸಬ್ಯಾಡ್ರಿ" ಎಂದು ಒಬ್ಬ ತಾಯಿ ಅತ್ತದ್ದನ್ನು ನಾವು ಕೇಳಿದ್ದೇವೆ. ಆ ಸಂಕಟ ದೊಡ್ಡದು. ಆದರೆ ಆಕೆಯಿಂದ ಯಾರೂ ಆ ಮಾತು ಬಯಸುವುದಿಲ್ಲ. ಸುದ್ದಿ ಬಂದಿಲ್ಲ ಎಂಬ ನಿಜವಷ್ಟೇ ಸಾಕು. ಮಗನ ದಾರಿ ಕಾಯುವ ಹಕ್ಕು ತಾಯಿಗೆ ಉಳಿಯುತ್ತದೆ, ಸೊಸೆಗೆ ಮುಂದಿನ ಬದುಕು ಸಿಗುತ್ತದೆ. ಅವನು ಬೇರೆಡೆ ಸಂಸಾರ ಹೂಡಿರುವುದು ಗೊತ್ತಿದ್ದರೆ ಅದನ್ನು ಹೇಳುವುದೂ ನಮ್ಮದೇ ಹೊಣೆ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಗೆ ಆದಾಯದ ಮಿತಿಯಿಲ್ಲದೆ ವಕೀಲರ ನೆರವು ಉಚಿತ. ಸಾಕ್ಷಿಕಟ್ಟೆ ಹತ್ತುವ ನೆರೆಯವರನ್ನು ಮಾತ್ರ ಸರ್ಕಾರ ಕೊಡಲಾರದು. ಭಾಷೆಗಾಗಿ ಒಂದೆಡೆ ಸೇರಿದ ನಮ್ಮ ಸಂಘದ ಕುಟುಂಬಗಳು ಆ ಒಂದು ದಿನದ ಕೂಲಿ ಬಿಟ್ಟು ಅವಳೊಂದಿಗೆ ನ್ಯಾಯಾಲಯಕ್ಕೆ ನಡೆದರೆ, ನಮ್ಮ ಕನ್ನಡದ ಮಾತು ಅಲ್ಲಿಯೂ ಒಬ್ಬಳ ಕೈಹಿಡಿದಂತಾದೀತು.