ವುಝೂವಿನ ನೀರು ಮತ್ತು ದಾಳಿಂಬೆ ಗಿಡ

ವಿಜಯಪುರದ ಎರೆಮಣ್ಣು ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ. ಅಂತಹ ನೆಲದ ಹಿತ್ತಿಲಿನಲ್ಲಿ ನಮ್ಮ ತಾಯಿಯವರು ದಾಳಿಂಬೆ, ಮದರಂಗಿ, ಕರಿಬೇವುಗಳನ್ನು ನೆಟ್ಟಿದ್ದರು. ವರ್ಷವರ್ಷವೂ ಬಿತ್ತಬೇಕಾದ ಹೂಗಿಡಗಳಲ್ಲಿ ಅವರಿಗೆ ಒಲವಿರಲಿಲ್ಲ. ಒಮ್ಮೆ ಬೇರೂರಿದರೆ ಮಕ್ಕಳ ಕಾಲಕ್ಕೂ ಉಳಿಯುವುದೇ ಅವರಿಗೆ ಗಿಡ.

2016ರ ಬೇಸಿಗೆಯಲ್ಲಿ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತು. ದಾಳಿಂಬೆಯು ಎಲೆಯುದುರಿಸಿ ಒಣಕಟ್ಟಿಗೆಯಂತೆ ನಿಂತಾಗ ಅದನ್ನು ಕಿತ್ತುಹಾಕಲು ನಾವು ಹಾರೆಯನ್ನೂ ತಂದೆವು. ತಾಯಿಯವರು ಏನೂ ಹೇಳದೆ ಉಗುರಿನಿಂದ ಕಾಂಡದ ತೊಗಟೆಯನ್ನು ಕೆರೆದು ತೋರಿಸಿದರು. ಒಳಗೆ ಹಸಿರಿತ್ತು. ಬರಗಾಲದಲ್ಲಿ ಎಲೆ ಕಳಚಿ ಜೀವ ಹಿಡಿದುಕೊಳ್ಳುವುದು ಆ ಗಿಡದ ಸ್ವಭಾವವೆಂಬುದು ನಮಗೆ ತಿಳಿದಿರಲಿಲ್ಲ.

ಅಂದಿನಿಂದ ನಲ್ಲಿಯ ಕೆಳಗೆ ಅಗಲವಾದ ಬೋಗುಣಿಯೊಂದು ಬಂತು. ವುಝೂವಿನ ನೀರೆಲ್ಲ ಅದರಲ್ಲಿ ಬೀಳಬೇಕೆಂಬುದು ತಾಯಿಯವರ ಕಟ್ಟಪ್ಪಣೆ. ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ನಾವು ಹದೀಸ್‌ಗಳಲ್ಲಿ ಓದಿದವರೇ. ಆದರೆ ಒಬ್ಬರ ವುಝೂವಿಗೇ ಬೋಗುಣಿ ತುಂಬಿ ಹರಿದುದನ್ನು ಕಂಡಾಗ ತಲೆ ತಗ್ಗಿಸಬೇಕಾಯಿತು. ಕುಡಿಯಲು ನೀರಿಲ್ಲವೆಂದು ಗೊಣಗುತ್ತಿದ್ದವರೂ ನಾವೇ!

ಆ ನೀರನ್ನು ಅವರು ನೆಲದ ಮೇಲೆ ಸುರಿಯಲಿಲ್ಲ. ಮೇಲೆ ಚಿಮುಕಿಸಿದ ನೀರನ್ನು ಬಿಸಿಲು ಕುಡಿಯುತ್ತದೆ, ಬೇರೂ ಮೇಲೆಯೇ ಉಳಿಯುತ್ತದೆ. ಗಿಡದಿಂದ ಒಂದು ಮೊಳ ದೂರದಲ್ಲಿ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂಳಿಸಿ, ನೀರು ತುಂಬಿ, ಬಾಯಿ ಮುಚ್ಚಿದರು. ಸುತ್ತಲಿನ ಮಣ್ಣು ಒಣಗಿದಂತೆ ಮಡಕೆಯ ಮೈಯಿಂದ ನೀರು ಜಿನುಗುತ್ತದೆ, ಮಣ್ಣು ತೇವಗೊಂಡರೆ ಜಿನುಗುವುದು ನಿಧಾನವಾಗುತ್ತದೆ. ಬುಡಕ್ಕೆ ಜೋಳದ ಕಣಿಕೆಯ ಹೊದಿಕೆ. ಸಾಬೂನು ಬೆರೆಯದ ವುಝೂವಿನ ನೀರು ಇದಕ್ಕೆ ಹೇಳಿ ಮಾಡಿಸಿದಂತಿತ್ತು.

ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದ 141ನೆಯ ವಚನದಲ್ಲಿ ದಾಳಿಂಬೆಯ ಪ್ರಸ್ತಾಪವಿದೆ. ಫಸಲಿನ ದಿನ ಅದರ ಹಕ್ಕನ್ನು ಕೊಡಬೇಕೆಂಬ ಆದೇಶವೂ ದುಂದು ಮಾಡಬಾರದೆಂಬ ಎಚ್ಚರಿಕೆಯೂ ಅದೇ ವಚನದಲ್ಲಿವೆ. ಎಷ್ಟೋ ಸಲ ಓದಿದ್ದರೂ ಇವೆರಡನ್ನೂ ನಾವು ನಮ್ಮ ಹಿತ್ತಿಲಿಗೆ ಹೊಂದಿಸಿ ನೋಡಿರಲಿಲ್ಲ.

ಮಳೆ ಬಿದ್ದ ಮೇಲೆ ಗಿಡ ಚಿಗುರಿತು, ಹೂಬಿಟ್ಟಿತು. ಕಾಯಿ ಕೆಂಪಾಗುವ ಮೊದಲೇ ತಾಯಿಯವರು ಅಲ್ಲಾಹನ ಕರೆಗೆ ಓಗೊಟ್ಟರು. ಬಿರಿದ ಮೊದಲ ಹಣ್ಣಿಗೆ ಗಿಳಿಗಳು ಮುತ್ತಿದವು. ಮುಸ್ಲಿಮನು ನೆಟ್ಟ ಗಿಡದಿಂದ ಹಕ್ಕಿ ತಿಂದುದೂ ಅವನ ಪಾಲಿಗೆ ಸದಕಾ ಆಗುತ್ತದೆಂಬ ಹದೀಸ್ ನೆನಪಾಗಿ, ಅವುಗಳನ್ನು ಓಡಿಸಲು ನಮ್ಮ ಕೈ ಏಳಲಿಲ್ಲ.

ಬೋಗುಣಿ ಈಗಲೂ ನಲ್ಲಿಯ ಕೆಳಗೇ ಇದೆ. ತಾಯಿಯವರ ಕಿರಿಯ ಮೊಮ್ಮಗಳು ಅದನ್ನು ಎತ್ತಲಾರದೆ ಎತ್ತಿ, ಅರ್ಧ ನೀರನ್ನು ದಾರಿಯಲ್ಲೇ ಚೆಲ್ಲುತ್ತಾಳೆ.